ಹುರುಳಿ ಹೊಲದಲ್ಲಿ ಕಂಡ ಅಗ್ಗಲೂರು

ಹೋದ ತಿಂಗಳು ಆರ್.ಟಿ. ನಗರದ ನಮ್ಮ ಮನೆಯ ಬಚ್ಚಲಲ್ಲಿ ಪೈಪು ಒಡೆದು ಗೋಡೆಯೆಲ್ಲ ನೆಂದುಹೋಗಿತ್ತು. ಪ್ಲಂಬರ್ ಸಲೀಂ ಬಂದು ಉಳಿ, ಸುತ್ತಿಗೆ ಹಿಡಿದು ಗಾರೆ ಕೆತ್ತತೊಡಗಿದ. ನಾನು ಹೊರಗೆ ಪೇಪರ್ ಹಿಡಿದು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒಂದು ವಾಸನೆ ಬಂತು. ನೆಂದ ಇಟ್ಟಿಗೆಯ ವಾಸನೆ ಎಲ್ಲರಿಗೂ ಗೊತ್ತು. ಇದು ಬರೀ ಅದಲ್ಲ, ಅದರ ಹಿಂದೆ ಹಳೆಯ ಒಲೆಬೂದಿಯ ಒಗರೂ ಇತ್ತು. ಪೇಪರ್ ಅಲ್ಲೇ ಬಿಟ್ಟು ಎದ್ದು ಹೋದೆ.

"ಥೂ, ಎಂಥಾ ಇಟ್ಗೆ ಸಾರ್ ಇದು, ಯಾರ್ ಕಟ್ಸಿದ್ದು ಈ ಮನೇನ?" ಅಂದ ಸಲೀಂ. "ಒಳಗೆಲ್ಲಾ ಬರೀ ಕಸ. ಬೂದಿ, ಇದ್ಲು, ಮಡ್ಕೆ ಚೂರು. ನೋಡಿ ಇಲ್ಲಿ."

ಅವನ ಅಂಗೈಯಲ್ಲಿದ್ದ ಚೂರು ಹೊರಗೆ ಕಪ್ಪು, ಒಳಗೆ ಕೆಂಪು. ಅಂಚಿನುದ್ದಕ್ಕೂ, ಮಣ್ಣು ಹಸಿಯಿದ್ದಾಗ ಯಾರೋ ಉಗುರಿನಿಂದ ಒತ್ತಿದ ಗುರುತು.

"ಕಸ ಅನ್ಬೇಡ!" ಎಂದು ನಾನು ಕೂಗಿದ ರಭಸಕ್ಕೆ ಅಡುಗೆಮನೆಯಿಂದ ನನ್ನ ಹೆಂಡತಿ ಓಡಿಬಂದಳು. ಬಿ.ಪಿ. ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದಳು. ಮಾತ್ರೆ ತೆಗೆದುಕೊಂಡಿದ್ದೆ. ಆದರೆ ಈ ಸಿಟ್ಟು ಮಾತ್ರೆಗೆ ಇಳಿಯುವಂಥದ್ದಲ್ಲ. ಅರವತ್ತರ ದಶಕದ ಮೊದಲಲ್ಲಿ, ಒಂದು ಚಳಿಗಾಲದಲ್ಲಿ ಏರಿದ್ದು ಇನ್ನೂ ಇಳಿದಿಲ್ಲ.

ಆಗ ನಾನು ಸ್ಟಾಕ್‌ಮನ್. ದನಗಳಿಗೆ ಸೂಜಿ ಹಾಕುವವನು ಎಂದರೆ ಸಾಕು. ಯಲಹಂಕದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ದಿನಾ ಬೆಳಿಗ್ಗೆ ಸೈಕಲ್ಲಿನ ಹಿಂದೆ ಐಸು ತುಂಬಿದ ಫ್ಲಾಸ್ಕು ಕಟ್ಟಿಕೊಂಡು ಕೋಗಿಲು, ಬಾಗಲೂರು ಕಡೆಯ ಹಳ್ಳಿಗಳಿಗೆ ಹೋಗಬೇಕು. ದನಗಳನ್ನು ಹಿಂಡುಹಿಂಡಾಗಿ ಕೊಲ್ಲುವ ದೊಡ್ಡರೋಗದ ವಿರುದ್ಧ ಲಸಿಕೆ ಹಾಕುವ ಕೆಲಸ. ಐಸು ಕರಗುವುದರೊಳಗೆ ದನಗಳೆಲ್ಲ ಮುಗಿಯಬೇಕು, ಇಲ್ಲದಿದ್ದರೆ ಔಷಧಿ ಕೆಟ್ಟು ಎಲ್ಲ ದಂಡ. ಹೀಗಾಗಿ ನನಗೆ ಯಾವಾಗಲೂ ಅವಸರ, ಅವಸರದ ಜೊತೆಗೆ ಮೂಗಿನ ತುದಿಯಲ್ಲೇ ಕೋಪ.

ದೀಪಾವಳಿ ಕಳೆದ ಮೇಲೆ ಒಂದು ದಿನ ಕೋಗಿಲು ದಾಟಿ ಹೊಸಪಾಳ್ಯ ಎಂಬ ಸಣ್ಣ ಊರಿಗೆ ಹೋದೆ. ಹಿಂದಿನ ದಿನವೇ ಹೇಳಿ ಕಳಿಸಿದ್ದೆ. ಹೋಗಿ ನೋಡಿದರೆ ಇಡೀ ಊರಲ್ಲಿ ಒಂದು ಕರುವೂ ಇಲ್ಲ. ಕೊಟ್ಟಿಗೆಗಳೆಲ್ಲ ಖಾಲಿ. ರಾಗಿ ಬೀಸುತ್ತಿದ್ದ ಹೆಂಗಸೊಬ್ಬಳು, ಎಲ್ಲರೂ ಹಳೇ ಊರಿಗೆ ಹೋಗಿದ್ದಾರೆ, ಬೇಕಾದರೆ ಅಲ್ಲಿಗೇ ಹೋಗಿ ಎಂದಳು. ನನಗೆ ಮೈಯೆಲ್ಲ ಉರಿಯಿತು. ಬಂಡಿಜಾಡಿನಲ್ಲಿ ಸೈಕಲ್ ತಳ್ಳಿಕೊಂಡು ಹೋದೆ.

ಹೋದ ಕಡೆ ಊರೇ ಇರಲಿಲ್ಲ. ಒಂದು ಬಂಡೆ, ಅದರ ಪಕ್ಕ ಬೂದಿಬಣ್ಣದ ಮಣ್ಣಿನ ದಿಬ್ಬ, ಮುದಿ ಹುಣಸೆಮರಗಳು, ಹೂಳು ತುಂಬಿದ ಬಾವಿ, ಸುತ್ತ ಹುರುಳಿ ಹೊಲ. ದಿಬ್ಬದ ಮೇಲೆ ಮೊಣಕಾಲೆತ್ತರದ ಒಂದು ಉರುಟು ಕಲ್ಲು. ಜನ ಅದಕ್ಕೆ ಬಿಂದಿಗೆಗಟ್ಟಲೆ ನೀರು ಸುರಿಯುತ್ತಿದ್ದರು. ಕಲ್ಲು ತೊಳೆದು ಕೆಳಕ್ಕೆ ಹರಿದ ನೀರಿನಲ್ಲಿ ದನಗಳನ್ನು ಒಂದೊಂದಾಗಿ ದಾಟಿಸುತ್ತಿದ್ದರು. ಊರು ಕಟ್ಟುವಾಗ ಮೊದಲು ನೆಡುವ ಕರುಗಲ್ಲು ಅದು. ದನಕ್ಕೆ ರೋಗ ಬರುವ ಸುದ್ದಿಯಾದರೆ ಆ ಕಲ್ಲು ತೊಳೆದ ನೀರನ್ನು ತುಳಿಸಬೇಕೆಂಬುದು ಅವರ ರೂಢಿ.

"ಐಸು ಕರಗ್ತಿದೆ, ನೀವಿಲ್ಲಿ ಕಲ್ಲಿಗೆ ನೀರು ಹಾಕ್ತಾ ಕೂತಿದ್ದೀರಲ್ರೀ!" ಎಂದು ಕೂಗಾಡಿದೆ.

ಮೊದಲ ಬಿಂದಿಗೆ ಸುರಿದಾಕೆ ತಿರುಗಿ ನೋಡಿದಳು. ಎತ್ತರದ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಹೆಸರು ಪಿಳ್ಳಮ್ಮ. ಗಂಡ ತೀರಿಕೊಂಡ ಮೇಲೆ ಹೊಲ, ದನ, ಮೈದುನಂದಿರು, ಎಲ್ಲರನ್ನೂ ಆಳುತ್ತಿದ್ದವಳು ಅವಳೇ. ಆ ಕಲ್ಲಿಗೆ ಮೊದಲ ಬಿಂದಿಗೆ ಅವಳ ಮನೆಯದು.

"ನಿಮ್ ಸೂಜಿ ನೀವ್ ಆಕಿ ಡಾಕ್ಟ್ರೇ, ನಮ್ ನೀರ್ ನಾವ್ ಉಯ್ತೀವಿ," ಅಂದಳು. "ಯಾವ್ದರಿಂದ ಬದುಕ್ಕೊಂಡೆ ಅಂತ ದನ ಬಂದು ಯೋಳುತ್ತಾ?"

ಜನ ನಕ್ಕರು. ನಾನೂ ನಗಲೇಬೇಕಾಯಿತು. ಅಲ್ಲೇ ಹುಣಸೆಮರದ ನೆರಳಲ್ಲಿ ಸಾಲಾಗಿ ದನ ನಿಲ್ಲಿಸಿ ಸೂಜಿ ಹಾಕಿ ಮುಗಿಸಿದೆ. ಆಮೇಲೆ ಕೇಳಿದೆ: ನಿಮ್ಮ ಊರು ಅಲ್ಲಿದೆ, ಕಲ್ಲು ಯಾಕಮ್ಮ ಇಲ್ಲಿದೆ?

"ಅದು ನಾವ್ ಮಲಗೋ ತಾವು. ಊರು ಇದು," ಅಂದಳು ಪಿಳ್ಳಮ್ಮ. "ಅಗ್ಗಲೂರು ಅಂತ. ಯಾವ್ದೋ ಕಾಲ್ದಾಗೆ ಬೇನೆ ಬಂದು ನಮ್ಮೋರೆಲ್ಲ ದೀಪ ಆರ್ಸಿ ಎದ್ದೋದ್ರಂತೆ. ಕಲ್ಲು ಕೀಳಂಗಿಲ್ವಲ್ಲ, ಅದ್ಕೆ ನಾವೇ ಬತ್ತೀವಿ."

ಬಂಡೆಯ ಮಗ್ಗುಲಲ್ಲಿ ಇನ್ನೊಂದು ಕಲ್ಲಿತ್ತು, ಅರ್ಧ ಮಣ್ಣಿನಲ್ಲಿ ಹೂತದ್ದು. ಕೈಯಲ್ಲಿ ಬಿಲ್ಲು ಹಿಡಿದ ಒಬ್ಬ ಆಳು, ಅವನ ಹಿಂದೆ ಮೂರು ಹಸು. ಕಳ್ಳರಿಂದ ದನ ಕಾಯಲು ಹೋಗಿ ಸತ್ತವನ ವೀರಗಲ್ಲು. ಹಸುಗಳ ಹಿಣಿಲು, ಗಂಗೆದೊಗಲು, ಬಾಲದ ಕುಚ್ಚು, ಒಂದೂ ತಪ್ಪಿಲ್ಲ. ದಿನವಿಡೀ ದನ ಮುಟ್ಟುವವನಿಗೆ ಅದು ತಿಳಿಯುತ್ತದೆ. ಕೆಳಗೆ ಸವೆದ ಎರಡು ಸಾಲು ಅಕ್ಷರ. ನನಗೆ ಓದಲು ಬರಲಿಲ್ಲ, ಆದರೆ ಇವತ್ತಿನ ಅಕ್ಷರವಲ್ಲ ಎಂಬುದು ಯಾರಿಗಾದರೂ ಗೊತ್ತಾಗುತ್ತಿತ್ತು.

ಅಂದಿನಿಂದ ನನಗೆ ಅಗ್ಗಲೂರಿನ ಹುಚ್ಚು ಹತ್ತಿತು. ಭಾನುವಾರ ಬಂದರೆ ಸೈಕಲ್ಲು ತಾನಾಗಿಯೇ ಆ ಕಡೆ ತಿರುಗುತ್ತಿತ್ತು. ಬೆಳಗಿನ ಮಂಜಿನಲ್ಲಿ ದಾರಿಯುದ್ದಕ್ಕೂ ಅವರೆ ಹೊಲಗಳ ಸೊಗಡು. ಹೊಸಪಾಳ್ಯದವರು ನನ್ನನ್ನು ನೋಡಿ, ಡಾಕ್ಟ್ರಿಗೆ ಊರಲ್ಲಿ ಹೆಣ್ಣು ಸಿಗಲಿಲ್ಲ ಅಂತ ಹಾಳೂರು ಸುತ್ತುತ್ತಾರೆ ಎಂದು ತಮಾಷೆ ಮಾಡುತ್ತಿದ್ದರು. ಆದರೂ ನೇಗಿಲಿಗೆ ಸಿಕ್ಕಿದ್ದನ್ನೆಲ್ಲ ತಂದು ತೋರಿಸುತ್ತಿದ್ದರು. ಉಗುರೊತ್ತಿದ ಅಂಚಿನ ಕಪ್ಪು-ಕೆಂಪು ಮಡಕೆಚೂರು, ಮುರಿದ ರುಬ್ಬುಗುಂಡು, ಕಬ್ಬಿಣದ ಕಿಟ್ಟ. ಬಂಡೆಯ ಮೇಲೆ ಸಾಲಾಗಿ ಒರಳು ಗುಳಿಗಳಿದ್ದವು. ಒಂದು ಕೇರಿಯ ಹೆಂಗಸರೆಲ್ಲ ಕೂತು ಕುಟ್ಟಿದ ಜಾಗ ಇರಬೇಕು.

ಆದರೆ ಊರು ನಿಜವಾಗಿ ಕಂಡದ್ದು ಒಂದು ಸಂಜೆ, ಬಂಡೆಯ ನೆತ್ತಿಯ ಮೇಲೆ ನಿಂತಾಗ. ಬಿಸಿಲು ಓರೆಯಾಗಿತ್ತು. ಕೆಳಗಿನ ಹುರುಳಿ ಒಂದೇ ಸಮ ಇರಲಿಲ್ಲ. ಕೆಲವು ಕಡೆ ಕಡುಹಸುರಾಗಿ ಹಬ್ಬಿತ್ತು, ನಡುನಡುವೆ ಬಡಕಲಾಗಿ, ಹಳದಿ ತಿರುಗಿ, ನೆಟ್ಟಗೆ ಗೆರೆ ಎಳೆದ ಹಾಗೆ ನಿಂತಿತ್ತು. ಗೆರೆ ಅಡ್ಡಡ್ಡ ಕೂಡಿ ಚೌಕಗಳಾಗಿದ್ದವು. ಚೌಕದ ಪಕ್ಕ ಚೌಕ, ನಡುವೆ ಅಗಲವಾದ ಓಣಿ, ಓಣಿ ಹೋಗಿ ಬಾವಿಗೆ ಸೇರುತ್ತಿತ್ತು. ಗೋಡೆಯ ಬುನಾದಿ ಇದ್ದಲ್ಲಿ ಬೇರು ಇಳಿದಿಲ್ಲ, ಬೂದಿ ಗೊಬ್ಬರ ಇದ್ದಲ್ಲಿ ಸೊಕ್ಕಿ ಬೆಳೆದಿದೆ. ಅಷ್ಟೇ ವಿಷಯ. ಅಲ್ಲಿ ಬೆಳೆ ಏಳುವುದಿಲ್ಲ ಎಂದು ಹೊಲದವರು ಗೊಣಗುತ್ತಿದ್ದ ಜಾಗವೇ ಅದು. ಮನೆ, ಕೇರಿ, ದಾರಿ ಎಲ್ಲ ನನ್ನ ಕಣ್ಣೆದುರು ಬಿದ್ದಿತ್ತು. ಪಿಳ್ಳಮ್ಮನನ್ನು ಕೂಗಿ ಬಂಡೆ ಹತ್ತಿಸಿದೆ.

ಅವಳು ಬಹಳ ಹೊತ್ತು ನೋಡಿದಳು. "ನಮ್ ಮನೆ ಯಾವ್ದು?" ಎಂದು ಕೇಳಿದಳು. ನನಗೇನು ಗೊತ್ತು? ಕಲ್ಲಿಗೆ ಹತ್ತಿರದ್ದೇ ಇರಬೇಕು ಅಂದೆ. ಅವಳು ಹೌದು ಎಂಬಂತೆ ತಲೆಯಾಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಇಳಿದು ಹೋದಳು.

ಇದೇ ಹೊತ್ತಿಗೆ ಆ ದಿಬ್ಬಕ್ಕೆ ಕಣ್ಣು ಹಾಕಿದವನು ಇನ್ನೊಬ್ಬನಿದ್ದ. ಯಶವಂತಪುರದ ಕಡೆಯ ಇಟ್ಟಿಗೆ ಕಂಟ್ರಾಕ್ಟರ್. ಬೆಂಗಳೂರು ಬೆಳೆಯುತ್ತಿತ್ತು, ಹೆಬ್ಬಾಳದ ಈಚೆಗೆಲ್ಲ, ಈಗ ನಮ್ಮ ಮನೆಯಿರುವ ಕಡೆಗೂ, ಹೊಸ ಬಡಾವಣೆಯ ಮಾತು. ಮಣ್ಣು ಬೇಕಿತ್ತು. ಬೂದಿ ಬೆರೆತ ಮಣ್ಣಿನ ಇಟ್ಟಿಗೆ ಚೆನ್ನಾಗಿ ಬೇಯುತ್ತದಂತೆ. ಊರವರು ಹುರುಳಿ ಬಿತ್ತುತ್ತಿದ್ದರೂ ದಿಬ್ಬವೂ ಸುತ್ತಿನ ಜಾಗವೂ ಸರ್ಕಾರದ ಲೆಕ್ಕದಲ್ಲಿ ಖರಾಬು, ಯಾವುದಕ್ಕೂ ಬಾರದ ನೆಲ. ಜನ ಬಿಟ್ಟುಹೋದ ಊರನ್ನು ಕಂದಾಯದವರು ಬೇಚಿರಾಕ್ ಅನ್ನುತ್ತಾರೆ, ದೀಪವಿಲ್ಲದ ಊರು ಎಂದರ್ಥ. ಅಗ್ಗಲೂರಿಗೆ ಆ ಮರ್ಯಾದೆಯೂ ಇರಲಿಲ್ಲ, ಅದರ ಹೆಸರೇ ಯಾವ ಲೆಕ್ಕದಲ್ಲೂ ಇರಲಿಲ್ಲ. ಅಲ್ಲಿ ಹಿಂದೆ ಊರಿತ್ತು ಎಂದು ಅಧಿಕಾರದಲ್ಲಿರುವ ಯಾರಾದರೂ ಒಂದು ಸಾಲು ಬರೆದರೆ ಮಣ್ಣು ತೆಗೆಯುವುದು ನಿಲ್ಲುತ್ತಿತ್ತು, ಬರೆಯದಿದ್ದರೆ ಕಲ್ಲಿನ ಸಮೇತ ಎಲ್ಲ ಹೋಗುತ್ತಿತ್ತು.

ನಾನು ಅರ್ಜಿ ಬರೆದೆ, ಊರವರು ಹೆಬ್ಬೆಟ್ಟು ಒತ್ತಿದರು. ಹಳೆಯ ಕಲ್ಲುಗಳ ವಿಷಯ ನೋಡುವ ಕಚೇರಿಗೆ ಹೋಗಿ ಕೊಟ್ಟೆ. ಯಾವ ಕಚೇರಿ, ಯಾವ ಸಾಹೇಬ ಎಂದು ಹೇಳುವುದಿಲ್ಲ. ಹೇಳಿದರೆ ಅವರಿಗೆ ಸಿಗಬಾರದ ಗೌರವ ಸಿಕ್ಕಂತಾಗುತ್ತದೆ. ಅಂತೂ ಸಂಕ್ರಾಂತಿಗೆ ಮೊದಲಿನ ವಾರದಲ್ಲಿ ಸ್ಥಳ ನೋಡಲು ಬರುತ್ತೇವೆ ಎಂದರು. ಸುದ್ದಿಯನ್ನು ಹೊಸಪಾಳ್ಯಕ್ಕೆ ಮುಟ್ಟಿಸಿದೆ. ಆ ವಾರ ನನ್ನನ್ನು ಲಸಿಕೆಗೆಂದು ಬೇರೆ ದಿಕ್ಕಿಗೆ ಹಾಕಿದ್ದರು. ಹೇಳಿದ ದಿನ ಯಲಹಂಕದಲ್ಲಿ ಸಾಹೇಬರ ಜೀಪು ಹತ್ತಿ ಅವರ ಜೊತೆಗೇ ಹೋದೆ.

ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ! ಜೀಪು ತಿರುಗಲು ಅನುಕೂಲವಾಗಲಿ ಎಂದು ಹುರುಳಿಯನ್ನೆಲ್ಲ ಹಸಿಯಾಗಿಯೇ ಕಿತ್ತು ನೆಲ ಹಸನು ಮಾಡಿದ್ದರು. ಕಾಯಿ ಬಲಿಯದ ಬೆಳೆ, ದೊಡ್ಡವರು ಬರುತ್ತಾರೆ ಎಂಬ ಒಂದೇ ಕಾರಣಕ್ಕೆ. ಸಾಹೇಬರ ಕಾಲಿಗೆ ಚುಚ್ಚಬಾರದೆಂದು ಮಡಕೆಚೂರುಗಳನ್ನೆಲ್ಲ ಗುಡಿಸಿ, ಮಂಕರಿಯಲ್ಲಿ ಹೊತ್ತು ಬಾವಿಗೆ ಸುರಿದಿದ್ದರು. ದಿಬ್ಬಕ್ಕೆ ಸಗಣಿ ಸಾರಿಸಿ ರಂಗೋಲಿ ಇಟ್ಟಿದ್ದರು. ಕರುಗಲ್ಲಿಗೂ ವೀರಗಲ್ಲಿಗೂ ಸುಣ್ಣ, ಒಂದರ ಮೇಲೊಂದು ಬಳಿದು ದಪ್ಪಗೆ ಕಟ್ಟಿದ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ. ಬಿಲ್ಲಿನ ಆಳೂ ಇಲ್ಲ, ಹಸುಗಳೂ ಇಲ್ಲ, ಅಕ್ಷರವಂತೂ ಇಲ್ಲವೇ ಇಲ್ಲ. ಎರಡು ಬಿಳಿ ಕಲ್ಲುಗಳು ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು. ಪಿಳ್ಳಮ್ಮ ಹೊಸ ಸೀರೆಯುಟ್ಟು, ತಟ್ಟೆಯಲ್ಲಿ ವೀಳ್ಯ, ಬಾಳೆಹಣ್ಣು ಹಿಡಿದು ನಿಂತಿದ್ದಳು. ಇದೆಲ್ಲ ಅವಳದೇ ಮುಂದಾಳತ್ವ. ಮುಖದಲ್ಲಿ ಮಗಳ ಮದುವೆಯ ಸಂಭ್ರಮ.

ಒಂದು ಗಳಿಗೆ ನನಗೆ ಅವರ ಮೇಲೆಯೇ ಸಿಟ್ಟು ಬಂತು. ಆದರೆ ಅವರು ತಿಳಿದ ಮರ್ಯಾದೆ ಅದು. ನೆಂಟರು ಬರುವಾಗ ಮನೆ ಸಾರಿಸುವುದಿಲ್ಲವೇ?

ಸಾಹೇಬರು ಜೀಪಿನಿಂದ ಇಳಿಯಲಿಲ್ಲ. ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟರು, ಅಷ್ಟೆ.

"ಏನ್ರೀ ಇದು? ಮೊನ್ನೆ ಮೊನ್ನೆ ನಿಲ್ಸಿರೋ ಕಲ್ಲು ತೋರ್ಸೋಕೆ ನನ್ನ ಇಷ್ಟು ದೂರ ಕರ್ಸಿದ್ರಾ?" ಅಂದರು.

"ಸುಣ್ಣ ಅಷ್ಟೇ ಸಾರ್ ಹೊಸದು, ಒಳಗಿರೋದು ಹಳೇ ಕಲ್ಲು, ಒಂದ್ನಿಮಿಷ ಇಳೀರಿ," ಎಂದು ನಾನು ಓಡಿಹೋಗಿ ಸೈಕಲ್ ಬೀಗದ ಕೈಯಿಂದ ಕೆರೆಯತೊಡಗಿದೆ. ಒಂದು ಹಸುವಿನ ಕೊಂಬು ಹೊರಗೆ ಬಂತು. ಸಾಹೇಬರು ವಾಚು ನೋಡಿಕೊಂಡರು.

"ಮಣ್ಣು ತೆಗ್ಯೋದು ತಪ್ಸೋಕೆ ನಾಟಕ ಆಡ್ತಿದ್ದಾರೆ, ನೀವು ಅದಕ್ಕೆ ತಾಳ ಹಾಕ್ತಿದ್ದೀರಿ," ಅಂದರು. ಆಮೇಲೆ ಪಿಳ್ಳಮ್ಮನ ಕಡೆ ನೋಡಿ, "ಸುಳ್ಳು ಊರು ಸೃಷ್ಟಿ ಮಾಡೋದು ಅಪರಾಧ ಕಣಮ್ಮ, ಗೊತ್ತಾ?" ಎಂದು ಗದರಿಸಿದರು.

ಸುಳ್ಳು ಊರು! ತಲೆತಲಾಂತರದಿಂದ ಮೊದಲ ಬಿಂದಿಗೆ ಹೊತ್ತ ಮನೆಯವಳಿಗೆ, ಜೀಪಿನಲ್ಲಿ ಕೂತು ಹೇಳಿದ ಮಾತು. ತಟ್ಟೆ ಹಿಡಿದ ಅವಳ ಕೈ ಹಾಗೇ ಮುಂದೆ ಚಾಚಿತ್ತು. ಜೀಪು ಹುರುಳಿ ಕಿತ್ತ ಹೊಲದಲ್ಲಿ ಸಲೀಸಾಗಿ ತಿರುಗಿಕೊಂಡು ಹೋಯಿತು. ಅಲ್ಲಿ ಊರಿದ್ದ ಕುರುಹಿಲ್ಲ ಎಂದು ಬರೆದರಂತೆ.

"ನಾವ್ ಏನ್ ತಪ್ ಮಾಡಿದ್ವಿ ಡಾಕ್ಟ್ರೇ?" ಎಂದು ಕೇಳಿದಳು ಪಿಳ್ಳಮ್ಮ. "ಸುಣ್ಣ ಬಳ್ದಿದ್ದು ತಪ್ಪಾ?"

ತಪ್ಪಿಲ್ಲಮ್ಮ ಅಂದೆ.

ಶಿವರಾತ್ರಿಯ ಹೊತ್ತಿಗೆ ಅಗೆತ ಶುರುವಾಯಿತು. ಲಾರಿಗಳು ಬಂದವು, ಬಾವಿ ಮುಚ್ಚಿತು, ಹುಣಸೆಮರಗಳು ಇಟ್ಟಿಗೆ ಗೂಡಿನ ಸೌದೆಯಾದವು. ವೀರಗಲ್ಲು ಯಾವ ಲಾರಿಯಲ್ಲಿ ಹೋಯಿತೋ ತಿಳಿಯಲಿಲ್ಲ. ಕರುಗಲ್ಲನ್ನು ಬೇಕಾದರೆ ನಿಮ್ಮ ಪಾಳ್ಯಕ್ಕೆ ಸಾಗಿಸಿಕೊಡುತ್ತೇವೆ ಎಂದರು ಕಂಟ್ರಾಕ್ಟರನ ಕಡೆಯವರು. ಊರ ಕಲ್ಲು ಊರಲ್ಲೇ ಇರಬೇಕು ಎಂದು ಪಿಳ್ಳಮ್ಮ ಒಪ್ಪಲಿಲ್ಲ. ಅದನ್ನು ಮುಟ್ಟಲು ಕೂಲಿಯವರಿಗೂ ಭಯ. ಹಾಗಾಗಿ ಸುತ್ತಲೂ ಆಳವಾಗಿ ಅಗೆದು ಕಲ್ಲಿನ ಕೆಳಗಿನ ಮಣ್ಣನ್ನು ಮಾತ್ರ ಕಂಬದಂತೆ ಬಿಟ್ಟರು.

ಹೊಟ್ಟೆ ಉರಿಸುವ ಸಂಗತಿ ಇದು: ಆ ಮಣ್ಣಿನ ಕಂಬದ ಮೈಯಲ್ಲಿ ಇಡೀ ಅಗ್ಗಲೂರು ಕಾಣುತ್ತಿತ್ತು. ತಳದಲ್ಲಿ ಕೆಂಪು ನೆಲ, ಅದರ ಮೇಲೆ ಬೂದಿಯ ಪದರ, ಮತ್ತೆ ಗಟ್ಟಿಸಿದ ನೆಲ, ಮತ್ತೆ ಬೂದಿ. ಒಂದು ಕಡೆ ಮೂರು ಕಲ್ಲಿನ ಒಲೆ, ಸುಟ್ಟು ಕೆಂಪಾದದ್ದು. ಇನ್ನೊಂದು ಕಡೆ ಅರ್ಧ ಕತ್ತರಿಸಿಹೋದ, ಕಾಳು ತುಂಬಿಡುವ ಹಗೇವು, ತಳದಲ್ಲಿ ಕರಿಕಲಾದ ರಾಗಿಕಾಳು. ಸುಣ್ಣ ಬಳಿಯಲು ಯಾರ ಕೈಗೂ ಸಿಗದ ಸಾಕ್ಷ್ಯ, ಊರು ಸತ್ತ ಮೇಲೆ ಹೊರಗೆ ಬಿದ್ದಿತ್ತು.

ಚೂರುಗಳನ್ನೂ ಒಂದು ಹಿಡಿ ರಾಗಿಯನ್ನೂ ಲಸಿಕೆಯ ಖಾಲಿ ಡಬ್ಬಿಗೆ ತುಂಬಿಕೊಂಡು ಸೈಕಲ್ಲಿನಲ್ಲೇ ಹೆಬ್ಬಾಳ ದಾಟಿ ಆ ಕಚೇರಿಗೆ ಹೋದೆ. ಈಗಲಾದರೂ ಬಂದು ನೋಡಿ, ಉಳಿದದ್ದನ್ನಾದರೂ ಉಳಿಸಿ ಎಂದೆ. ಸಾಹೇಬರು ಡಬ್ಬಿಯೊಳಗೆ ಬಗ್ಗಿ ನೋಡಿ ಮೂಗು ಸಿಂಡರಿಸಿದರು.

"ಇಂಥಾ ಕಸ ಎಲ್ಲಾ ಊರಲ್ಲೂ ಸಿಗುತ್ತೆ ಕಣ್ರೀ."

"ಊರಲ್ಲಿ ಸಿಗುತ್ತೆ ಅಂತ ನೀವೇ ಅಂದ್ರಲ್ಲ ಸಾರ್. ಅಷ್ಟನ್ನೇ ಬರ್ಕೊಡಿ ಸಾಕು," ಅಂದೆ.

"ನೀವು ದನದ ಇಲಾಖೆಯೋರು ತಾನೆ? ದನ ನೋಡ್ಕೊಳ್ಳಿ ಹೋಗಿ. ಫೈಲ್ ಮುಗಿದಿದೆ."

ಡಬ್ಬಿಯನ್ನು ಅವರ ಮೇಜಿನ ಮೇಲೆ ಬೋರಲು ಹಾಕಿ ಬಂದೆ. ಇವತ್ತಿಗೂ ಅದರ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ. ಬೇಸರವಾದದ್ದು ನನ್ನ ಮೇಲಿನವರಿಗೆ. ಬೈಗುಳ ತಿಂದೆ, ಮಳೆಗಾಲದ ಹೊತ್ತಿಗೆ ಪಾವಗಡದ ಕಡೆಗೆ ವರ್ಗವೂ ಆಯಿತು.

ಹೊರಡುವ ಮೊದಲೇ, ಯುಗಾದಿ ಕಳೆದು ಬಿದ್ದ ಮೊದಲ ದೊಡ್ಡ ಮಳೆಗೆ ಕಂಬ ಕುಸಿಯಿತು. ಕರುಗಲ್ಲು ಗುಂಡಿಗೆ ಬಿತ್ತು, ಗುಂಡಿಯಲ್ಲಿ ಕೆಸರು ನೀರು ತುಂಬಿತು. ಹೋಗಿಬರುತ್ತೇನೆ ಎಂದು ಹೇಳಲು ಹೋದಾಗ ಪಿಳ್ಳಮ್ಮ ಆ ಗುಂಡಿಯ ದಡದಲ್ಲಿ ನಿಂತಿದ್ದಳು. "ಈಗ ಎಲ್ಲಿಗ್ ನೀರ್ ಉಯ್ಯೋದು ಯೋಳಿ," ಅಂದಳು. ಅಳಲಿಲ್ಲ. ನನಗಿಂತ ಹೆಚ್ಚು ಕೋಪ ಇತ್ತು ಅವಳಿಗೆ. ಅದೇ ಕೊನೆ, ಮತ್ತೆ ಅವಳನ್ನು ನೋಡಲಿಲ್ಲ. ವರ್ಷಗಳ ಮೇಲೆ ಹುಡುಕಿಕೊಂಡು ಹೋದಾಗ ಗುಂಡಿ ಮುಚ್ಚಿ ಸೈಟು ಮಾಡಿದ್ದರು. ಅಗ್ಗಲೂರು ಅಂದರೆ ಏನು ಎಂದು ನನ್ನನ್ನೇ ಕೇಳಿದರು.

ಈ ಮನೆ ನಾನು ಕಟ್ಟಿಸಿದ್ದಲ್ಲ. ಅರವತ್ತರ ದಶಕದ ಕೊನೆಯಲ್ಲಿ ಯಾರೋ ಕಟ್ಟಿಸಿದ್ದನ್ನು ಆಮೇಲೆ ಕೊಂಡದ್ದು. ಇಟ್ಟಿಗೆ ಯಾವ ಗೂಡಿನದು ಎಂದು ಯಾರು ಕೇಳುತ್ತಾರೆ? ಖಾತ್ರಿ ಏನು ಎಂದು ಆ ಸಾಹೇಬರ ಹಾಗೆ ನನ್ನನ್ನು ಕೇಳಬೇಡಿ. ಆ ಉಗುರಿನ ಗುರುತು ನನಗೆ ಗೊತ್ತು. ಊರೇ ಇರಲಿಲ್ಲ ಎಂದು ಬರೆದವರು ಬರೆದೇ ಬಿಟ್ಟರು, ನಾನು ಇಷ್ಟು ವರ್ಷ ಆ ಊರನ್ನು ನೆನೆದು ಹಲ್ಲು ಕಡಿಯುತ್ತ ಆ ಊರಿನ ಗೋಡೆಗಳ ನಡುವೆಯೇ ಮಲಗಿ ಏಳುತ್ತಿದ್ದೆ.

ಸಲೀಂ ಸಂಜೆಗೆ ಪೈಪು ಕೂರಿಸಿ ಮುಗಿಸಿದ. "ಗಾರೆ ಮೆತ್ತಿ ಸುಣ್ಣ ಹೊಡ್ದ್ಬಿಡ್ತೀನಿ ಸಾರ್, ಹೊಸಾ ಗೋಡೆ ಥರ ಆಗುತ್ತೆ," ಅಂದ.

"ಸುಣ್ಣ ಬೇಡ," ಅಂದೆ. "ಗಾರೇನೂ ಬೇಡ. ಹೀಗೇ ಬಿಡು."

"ಹಂಗ್ಬಿಟ್ರೆ ಇಟ್ಗೆ ನೀರ್ ಕುಡಿಯುತ್ತೆ ಸಾರ್."

"ಕುಡೀಲಿ."

ಹೆಂಡತಿಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಬಂದವರು ಬಚ್ಚಲು ನೋಡಿ ಏನೆಂದುಕೊಂಡಾರು ಎನ್ನುತ್ತಾಳೆ. ಏನಾದರೂ ಅಂದುಕೊಳ್ಳಲಿ. ಈಗ ದಿನಾ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಮೊದಲ ಚೊಂಬು ಆ ಇಟ್ಟಿಗೆಗಳಿಗೆ. ನೀರು ಅವುಗಳನ್ನು ತೊಳೆದು ಕೆಳಗಿಳಿದು ಬರುತ್ತದೆ, ನಾನು ಅದನ್ನು ತುಳಿದು ದಾಟುತ್ತೇನೆ.